ಐಸ್ ಹಾಕಿ ಸ್ಕೇಟ್‌ನ ಅಲಗು: ತಿರುವಿನಲ್ಲಿ ಜಾರುವುದಕ್ಕೆ ಹಾಲೋ ಕಾರಣವೋ, ರಾಕರ್ ಕಾರಣವೋ?

ಅಮಾನಿಕೆರೆ ದಂಡೆ (ತುಮಕೂರು)

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಕೆಲವು ವರ್ಷಗಳಿಂದ ತುಮಕೂರಿನಲ್ಲೇ ಇನ್‌ಲೈನ್ ಹಾಕಿ (ಒಂದೇ ಸಾಲಿನಲ್ಲಿ ಚಕ್ರಗಳಿರುವ ಸ್ಕೇಟ್ ಕಟ್ಟಿ ಆಡುವ ಹಾಕಿ) ಆಡುತ್ತಿದ್ದಾಳೆ. ಈಗ ಒಂಬತ್ತನೇ ತರಗತಿ, ತೂಕ 42 ಕಿಲೋ. 2025ರಲ್ಲಿ ಯುಎಇಯ ಅಲ್ ಐನ್‌ನಲ್ಲಿ ನಡೆದ ಮಹಿಳೆಯರ ಏಷ್ಯಾ ಕಪ್ ಐಸ್ ಹಾಕಿಯಲ್ಲಿ ನಮ್ಮ ದೇಶದ ತಂಡ ಕಂಚು ಗೆದ್ದ ಸುದ್ದಿ ಓದಿದ ಮೇಲೆ ಅವಳಿಗೆ ಐಸ್ ಮೇಲೆಯೇ ಆಡಬೇಕೆಂಬ ಹಟ ಹತ್ತಿದೆ. ರಜೆಯಲ್ಲಿ ಉತ್ತರ ಭಾರತದ ಒಂದು ಒಳಾಂಗಣ ರಿಂಕ್‌ಗೆ ಕರೆದುಕೊಂಡು ಹೋಗಿದ್ದೆವು. ಸ್ಕೇಟ್ ಸೆಕೆಂಡ್‌ಹ್ಯಾಂಡ್. ಅಲ್ಲಿಯೇ ಹತ್ತಿರದ ಅಂಗಡಿಯೊಂದರಲ್ಲಿ ಸಾಣೆ ಹಿಡಿಸಿಕೊಂಡೆವು.

ತೊಂದರೆ ಎರಡು. ಎಡಕ್ಕೆ ತಿರುಗುವಾಗ ಅವಳ ಬಲಗಾಲು ಹೊರಕ್ಕೆ ಜಾರಿಹೋಗುತ್ತದೆ, ಬಲಕ್ಕೆ ತಿರುಗುವಾಗ ಹಾಗಾಗುವುದಿಲ್ಲ. ಇನ್ನೊಂದು, ನೇರವಾಗಿ ವೇಗವಾಗಿ ಹೋಗುವಾಗ ಪಾದ ಮುಂದಕ್ಕೂ ಹಿಂದಕ್ಕೂ ತೂಗಿದಂತಾಗುತ್ತದೆ ಎನ್ನುತ್ತಾಳೆ. ಹಾಲೋ, ಎಂದರೆ ಅಲಗಿನ ತಳದ ತಗ್ಗು, ಇನ್ನೂ ಆಳ ಮಾಡಿಸಿದರೆ ಎರಡೂ ಸರಿಹೋಗುತ್ತದೆ ಎಂದು ಅಂಗಡಿಯವರು ಹೇಳಿದರು. ಜನವರಿಯಲ್ಲಿ ಲೇಹ್‌ಗೆ ಹೋಗುವ ಯೋಜನೆಯಿದೆ. ಅಷ್ಟರೊಳಗೆ ಏನು ಮಾಡಿಸಬೇಕು, ಏನು ಮಾಡಿಸಬಾರದು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ನಂದಿಯಿಂದ ಟೊರಾಂಟೊ (ಚಿಕ್ಕಬಳ್ಳಾಪುರ ಮೂಲ)

ಸರ್, ಇಲ್ಲಿ ಓದುತ್ತಿದ್ದಾಗ ಸಂಜೆಯ ಹೊತ್ತು ಸ್ಪೋರ್ಟ್ಸ್ ಅಂಗಡಿಯೊಂದರಲ್ಲಿ ಸ್ಕೇಟ್‌ಗಳಿಗೆ ಸಾಣೆ ಹಿಡಿಯುವ ಕೆಲಸ ಮಾಡುತ್ತಿದ್ದೆ. ಆ ಅನುಭವದ ಮೇಲೆ ಹೇಳುವುದಾದರೆ, ಹಾಲೋ ಆಳ ಮಾಡಿಸುವುದು ನಿಮ್ಮ ಎರಡು ತೊಂದರೆಗಳಲ್ಲಿ ಯಾವುದಕ್ಕೂ ಮದ್ದಲ್ಲ.

ಹಾಕಿ ಸ್ಕೇಟ್‌ನ ಅಲಗಿನಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಬಾಗುಗಳಿವೆ. ಒಂದು ಅಡ್ಡಡ್ಡಲಾಗಿ ಇರುವ ಬಾಗು. ಅಲಗಿನ ದಪ್ಪ ಸುಮಾರು 3 ಮಿಲಿಮೀಟರ್; ಅದರ ತಳ ಚಪ್ಪಟೆಯಾಗಿರದೆ, ಉದ್ದಕ್ಕೂ ಸಣ್ಣ ತಗ್ಗು ಬರುವಂತೆ ಉಜ್ಜಿರುತ್ತಾರೆ. ಈ ತಗ್ಗಿನಿಂದಾಗಿ ಅಲಗಿಗೆ ಒಳ ಅಂಚು, ಹೊರ ಅಂಚು ಎಂದು ಎರಡು ಚೂಪು ಅಂಚುಗಳು ಸಿಗುತ್ತವೆ. ಇದೇ ಹಾಲೋ. ಅದನ್ನು ವೃತ್ತದ ತ್ರಿಜ್ಯದಲ್ಲಿ ಹೇಳುತ್ತಾರೆ: 3/8 ಇಂಚು, 1/2 ಇಂಚು, 5/8 ಇಂಚು, ಹೀಗೆ 1 ಇಂಚಿನವರೆಗೆ. ಸಂಖ್ಯೆ ಚಿಕ್ಕದಾದಷ್ಟೂ ತಗ್ಗು ಆಳ, ಹಿಡಿತ ಹೆಚ್ಚು. ಆದರೆ ಅಂಚು ಐಸ್‌ನೊಳಗೆ ಹೆಚ್ಚು ಇಳಿಯುವುದರಿಂದ ಜಾರುವ ಓಟ ಕಡಿಮೆಯಾಗುತ್ತದೆ ಮತ್ತು ಅಡ್ಡ ತಿರುಗಿ ಬ್ರೇಕ್ ಹಾಕುವಾಗ ಅಲಗು ಗಕ್ಕನೆ ಕಚ್ಚಿಕೊಳ್ಳುತ್ತದೆ.

ಎರಡನೆಯದು ಉದ್ದುದ್ದಲಾಗಿ ಇರುವ ಬಾಗು, ಅದೇ ರಾಕರ್. ಸ್ಕೇಟನ್ನು ಪಕ್ಕದಿಂದ ನೋಡಿದರೆ ತೂಗುಕುರ್ಚಿಯ ಕಾಲಿನಂತೆ ಮುಂದೆಯೂ ಹಿಂದೆಯೂ ಸ್ವಲ್ಪ ಮೇಲೆದ್ದಿರುವುದು ಕಾಣುತ್ತದೆ. ಆಟಗಾರರ ಸ್ಕೇಟ್‌ನಲ್ಲಿ ಇದರ ತ್ರಿಜ್ಯ ಸಾಮಾನ್ಯವಾಗಿ 9ರಿಂದ 13 ಅಡಿ. 10 ಅಡಿ ಎಂದರೆ ಸುಮಾರು 3 ಮೀಟರ್. ತ್ರಿಜ್ಯ ಚಿಕ್ಕದಾದರೆ ಐಸ್ ಮೇಲೆ ಕೂರುವ ಭಾಗ ಚಿಕ್ಕದಾಗಿ ಸ್ಕೇಟ್ ಬೇಗ ತಿರುಗುತ್ತದೆ, ದೊಡ್ಡದಾದರೆ ನೇರ ಓಟದಲ್ಲಿ ಸ್ಥಿರವಾಗಿ ನಿಲ್ಲುತ್ತದೆ. ಗೋಲ್‌ಕೀಪರ್ ಪಕ್ಕಕ್ಕೆ ತಳ್ಳಿಕೊಂಡು ಸರಿಯಬೇಕಾದುದರಿಂದ ಅವರ ಅಲಗು ದಪ್ಪವಾಗಿಯೂ ಬಹುಮಟ್ಟಿಗೆ ಚಪ್ಪಟೆಯಾಗಿಯೂ ಇರುತ್ತದೆ. ಲಾಂಗ್ ಟ್ರ್ಯಾಕ್ ಸ್ಪೀಡ್ ಸ್ಕೇಟಿಂಗ್‌ನಲ್ಲಂತೂ ತ್ರಿಜ್ಯ 20 ಮೀಟರ್ ದಾಟುತ್ತದೆ. ಅಂಥ ಸ್ಕೇಟ್ ಹಾಕಿಕೊಂಡು ಹಾಕಿ ಆಡಲು ಸಾಧ್ಯವಿಲ್ಲ.

ಚುಟುಕಾಗಿ, ಹಿಡಿತ ಕೊಡುವುದು ಹಾಲೋ, ತಿರುವು ಕೊಡುವುದು ರಾಕರ್. ಒಂದು ಕಾಲು ಒಂದೇ ದಿಕ್ಕಿನ ತಿರುವಿನಲ್ಲಿ ಮಾತ್ರ ಜಾರುತ್ತದೆ ಎಂದರೆ ನನ್ನ ಮೊದಲ ಅನುಮಾನ ಅಂಚುಗಳ ಸಮತೆಯ ಮೇಲೆ. ಎಡಕ್ಕೆ ತಿರುಗುವಾಗ ಬಲಗಾಲು ಹೊರಗಿನ ಕಾಲು, ಅದು ತನ್ನ ಒಳ ಅಂಚಿನ ಮೇಲೆ ನಿಂತಿರುತ್ತದೆ. ಬಲ ಸ್ಕೇಟ್‌ನ ಒಳ ಅಂಚು ಹೊರ ಅಂಚಿಗಿಂತ ತಗ್ಗಿರಬಹುದು. ಹಾಲೋವನ್ನು ಎಷ್ಟೇ ಆಳ ಮಾಡಿಸಿದರೂ ಅಂಚು ಓರೆಯಾಗಿದ್ದರೆ ಆ ಓರೆ ಹಾಗೇ ಉಳಿಯುತ್ತದೆ.

ಕ್ಯಾತ್ಸಂದ್ರ ಕೋಚ್ (ತುಮಕೂರು)

ನಂದಿಯವರ ವಿವರಣೆ ಚೆನ್ನಾಗಿದೆ. ನಮ್ಮಲ್ಲಿ ಐಸ್ ಇಲ್ಲದಿರುವುದರಿಂದ, ಚಕ್ರದ ಸ್ಕೇಟ್‌ನಿಂದ ಹೊರಟು ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬಹುದು ಎಂಬುದನ್ನು ಸೇರಿಸುತ್ತೇನೆ. ಈ ಹುಡುಗಿ ಅಲ್ಲಿಂದಲೇ ಬಂದವಳು.

ಇನ್‌ಲೈನ್ ಸ್ಕೇಟ್‌ನಲ್ಲೂ ರಾಕರ್ ಇದೆ. ನಾಲ್ಕೂ ಚಕ್ರ ಒಂದೇ ಅಳತೆಯದಾಗಿದ್ದರೆ ಎಲ್ಲವೂ ನೆಲಕ್ಕೆ ತಾಗುತ್ತವೆ, ಸ್ಕೇಟ್ ನೇರ ಓಟಕ್ಕೆ ಒಗ್ಗುತ್ತದೆ. ನಡುವಿನ ಎರಡು ಚಕ್ರ 80 ಮಿಲಿಮೀಟರ್, ತುದಿಯ ಎರಡು 76 ಮಿಲಿಮೀಟರ್ ಹಾಕಿದರೆ ತುದಿಯ ಚಕ್ರಗಳು ನೆಲದಿಂದ 2 ಮಿಲಿಮೀಟರ್ ಮೇಲೆದ್ದು ನಿಲ್ಲುತ್ತವೆ. ಚಕ್ರದಿಂದ ಚಕ್ರಕ್ಕೆ 81 ಮಿಲಿಮೀಟರ್ ಅಂತರವಿರುವ ಫ್ರೇಮ್‌ನಲ್ಲಿ ಇದನ್ನು ಲೆಕ್ಕ ಹಾಕಿದರೆ ಸುಮಾರು 3.3 ಮೀಟರ್ ತ್ರಿಜ್ಯದ ಬಾಗು ಬರುತ್ತದೆ, ಅಂದರೆ ಐಸ್ ಹಾಕಿ ಅಲಗಿನ 11 ಅಡಿ ರಾಕರ್‌ಗೆ ಹತ್ತಿರ. ತುದಿಯ ಚಕ್ರಗಳು 78 ಆದರೆ ತ್ರಿಜ್ಯ ಎರಡರಷ್ಟಾಗಿ 6.6 ಮೀಟರ್‌ಗೆ ಹೋಗುತ್ತದೆ. ಬರೀ 2 ಮಿಲಿಮೀಟರ್ ವ್ಯಾಸದ ವ್ಯತ್ಯಾಸ ಇಷ್ಟು ಮಾಡುತ್ತದೆ ಎಂದರೆ, ಅಲಗಿನ ತುದಿಯಲ್ಲಿ ಸಾಣೆಯವರು ಕೈತಪ್ಪಿ ತೆಗೆಯುವ ಉಕ್ಕು ಎಷ್ಟು ಮಾಡಬಹುದು ಎಂಬುದನ್ನು ನೀವೇ ಊಹಿಸಿಕೊಳ್ಳಿ.

ಹಾಲೋಗೆ ಮಾತ್ರ ಚಕ್ರದಲ್ಲಿ ನೇರವಾದ ಜೋಡಿ ಇಲ್ಲ. ಅಲ್ಲಿ ಹಿಡಿತ ಬರುವುದು ಚಕ್ರದ ಮೆದುತನದಿಂದ. ಒಳಾಂಗಣದ ನುಣುಪು ನೆಲಕ್ಕೆ ಮೆದು ಚಕ್ರ, ಹೊರಗಿನ ಕಾಂಕ್ರೀಟಿಗೆ ಗಡಸು ಚಕ್ರ. ಹೀಗಾಗಿ ಇನ್‌ಲೈನ್‌ನಿಂದ ಬರುವ ಮಕ್ಕಳಿಗೆ ತಿರುವು ಬೇಗ ಬರುತ್ತದೆ. ಅಡ್ಡ ನಿಂತು ಐಸ್ ಕೆರೆಯುತ್ತಾ ಬ್ರೇಕ್ ಹಾಕುವುದು ಅಷ್ಟು ಬೇಗ ಬರುವುದಿಲ್ಲ, ಏಕೆಂದರೆ ಕಾಂಕ್ರೀಟ್ ಮೇಲೆ ಅದನ್ನು ಯಾರೂ ಕಲಿತಿರುವುದಿಲ್ಲ. ಅದಕ್ಕಾಗಿ ಮೊದಮೊದಲು 5/8 ಇಂಚಿನ ಹಾಲೋ ಇಟ್ಟು ಬ್ರೇಕ್ ಕಲಿಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. 3/8 ಇಂಚು ಇಟ್ಟರೆ ಮಗು ಬ್ರೇಕ್ ಹಾಕುವಾಗ ಮುಗ್ಗರಿಸುವುದು ಖಂಡಿತ.

ಕೋಲಾರದ ಮೇಷ್ಟ್ರು

ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವನು ನಾನು, ಸ್ಕೇಟ್ ಕಟ್ಟಿದವನಲ್ಲ. ಆದರೂ ಮೇಲಿನ ಅಂಕಿಗಳನ್ನು ನೋಡಿದ ಮೇಲೆ ಕಾಗದ ತೆಗೆದುಕೊಂಡು ಕೂರದಿರಲು ಆಗಲಿಲ್ಲ.

ಮೊದಲು ಹಾಲೋ. 2.8 ಮಿಲಿಮೀಟರ್ ದಪ್ಪದ ಅಲಗಿನಲ್ಲಿ 1/2 ಇಂಚು, ಎಂದರೆ 12.7 ಮಿಲಿಮೀಟರ್ ತ್ರಿಜ್ಯದ ತಗ್ಗು ಉಜ್ಜಿದರೆ ನಡುವಿನ ಆಳ ಕೇವಲ 0.077 ಮಿಲಿಮೀಟರ್. 3/8 ಇಂಚಿಗೆ 0.10, 5/8 ಇಂಚಿಗೆ 0.06, 1 ಇಂಚಿಗೆ 0.04. ನಮ್ಮ ತಲೆಗೂದಲಿನ ದಪ್ಪದ ಆಸುಪಾಸಿನ ಆಳವಿದು. ಅಂಚಿನ ಕೋನ 1/2 ಇಂಚಿಗೆ ಸುಮಾರು 84 ಡಿಗ್ರಿ, 3/8 ಇಂಚಿಗೆ ಸುಮಾರು 81.5 ಡಿಗ್ರಿ. ಇಷ್ಟು ಸಣ್ಣ ವ್ಯತ್ಯಾಸವನ್ನು ಆಟಗಾರರು ಕಾಲಿನಲ್ಲೇ ಗುರುತಿಸುತ್ತಾರೆ ಎಂಬುದು ನನಗೆ ಸೋಜಿಗ.

ಈಗ ರಾಕರ್. ಅಲಗು ನೆಟ್ಟಗೆ ನಿಂತಿದ್ದಾಗ ಅದರ ಬಾಗು ಮೇಲಕ್ಕೆ ಮಾತ್ರ ಇರುತ್ತದೆ, ಆದ್ದರಿಂದ ಐಸ್ ಮೇಲೆ ಗೆರೆ ನೇರವಾಗಿ ಬೀಳುತ್ತದೆ. ಅಲಗನ್ನು ಪಕ್ಕಕ್ಕೆ ಓರೆ ಮಾಡಿದ ಕೂಡಲೇ ಆ ಬಾಗಿನ ಒಂದು ಪಾಲು ಐಸ್‌ನ ಸಮತಲಕ್ಕೆ ಇಳಿಯುತ್ತದೆ, ಗೆರೆ ತಾನಾಗಿಯೇ ಕಮಾನಾಗುತ್ತದೆ. ಓರೆಯ ಕೋನದ ಸೈನ್ ಬೆಲೆಯಿಂದ ರಾಕರ್ ತ್ರಿಜ್ಯವನ್ನು ಭಾಗಿಸಿದರೆ ಆ ಕಮಾನಿನ ತ್ರಿಜ್ಯ ಸಿಗುತ್ತದೆ. 3 ಮೀಟರ್ ರಾಕರ್ ಅನ್ನು 30 ಡಿಗ್ರಿ ಓರೆ ಮಾಡಿದರೆ 6 ಮೀಟರ್, 45 ಡಿಗ್ರಿಗೆ ಸುಮಾರು 4.2 ಮೀಟರ್, 60 ಡಿಗ್ರಿಗೆ ಸುಮಾರು 3.5 ಮೀಟರ್. ಇದಕ್ಕಿಂತ ಬಿಗಿಯಾದ ತಿರುವು ಬೇಕೆಂದರೆ ಅಲಗನ್ನು ಹೊರಳಿಸಿ, ಐಸನ್ನು ಕೆರೆದುಕೊಂಡೇ ತಿರುಗಬೇಕು.

ಇದಕ್ಕೆ ಹಿಡಿತ ಎಷ್ಟು ಬೇಕು? ಸೆಕೆಂಡಿಗೆ 6 ಮೀಟರ್ ವೇಗದಲ್ಲಿ 5 ಮೀಟರ್ ತ್ರಿಜ್ಯದ ವೃತ್ತದಲ್ಲಿ ತಿರುಗುವವರ ದೇಹ ಸುಮಾರು 36 ಡಿಗ್ರಿ ಒಳಕ್ಕೆ ವಾಲಿರಬೇಕು, ಮತ್ತು ದೇಹತೂಕದ ಮುಕ್ಕಾಲು ಪಾಲಿನಷ್ಟು ಬಲ ಅಡ್ಡಲಾಗಿ ಅಂಚುಗಳ ಮೇಲೆ ಬೀಳುತ್ತದೆ. 42 ಕಿಲೋ ಹುಡುಗಿಗೆ ಅದು 30 ಕಿಲೋ ಭಾರಕ್ಕೂ ಮಿಗಿಲು. ಅದರ ಹೆಚ್ಚಿನ ಪಾಲನ್ನು ಹೊರಗಿನ ಕಾಲಿನ ಒಳ ಅಂಚು ಹೊರುತ್ತಿದ್ದರೆ, ಆ ಅಂಚು ಐಸ್‌ಗೆ ಸರಿಯಾಗಿ ಇಳಿಯದ ಕ್ಷಣದಲ್ಲಿ ಕಾಲು ಹೊರಕ್ಕೆ ಜಾರುವುದರಲ್ಲಿ ಆಶ್ಚರ್ಯವೇನಿಲ್ಲ.

ಇನ್ನೊಂದು ಲೆಕ್ಕ, ಎರಡನೆಯ ತೊಂದರೆಗೆ. ಅಲಗು ಐಸ್‌ನೊಳಗೆ 0.1 ಮಿಲಿಮೀಟರ್ ಇಳಿಯುತ್ತದೆ ಎಂದು ಇಟ್ಟುಕೊಳ್ಳೋಣ. 3 ಮೀಟರ್ ರಾಕರ್‌ನಲ್ಲಿ ಐಸ್‌ಗೆ ತಾಗುವ ಉದ್ದ ಸುಮಾರು 5 ಸೆಂಟಿಮೀಟರ್ ಬರುತ್ತದೆ, 4 ಮೀಟರ್‌ಗೆ 5.7. ಪೂರಾ ಪಾದದ ಭಾರ ಇಷ್ಟು ಪುಟ್ಟ ತುಂಡಿನ ಮೇಲೆ ನಿಂತಿರುತ್ತದೆ. ಆ ತುಂಡು ಇನ್ನೂ ಚಿಕ್ಕದಾದರೆ, ಅಥವಾ ಇರಬೇಕಾದ ಜಾಗದಿಂದ ಹಿಂದಕ್ಕೋ ಮುಂದಕ್ಕೋ ಸರಿದರೆ, ಪಾದ ತೂಗಿದಂತಾಗುವುದು ಸಹಜ.

ಟೂಲ್‌ರೂಮ್ ತಾತ (ತುಮಕೂರು)

ನಾನು ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯ ಟೂಲ್‌ರೂಮಿನಿಂದ ನಿವೃತ್ತನಾದವನು. ಐಸ್ ಹಾಕಿಯ ಬಗ್ಗೆ ನನಗೆ ಗೊತ್ತಿಲ್ಲ, ಉಕ್ಕು ಮತ್ತು ಗ್ರೈಂಡಿಂಗ್ ಗೊತ್ತು. ಮೇಷ್ಟ್ರು ಕೊಟ್ಟ ಅಂಕಿಯನ್ನು ನೋಡಿದರೆ, ಹಾಲೋದ ಪೂರ್ತಿ ಆಳವೇ 0.077 ಮಿಲಿಮೀಟರ್ ಆಗಿರುವಾಗ ಎರಡು ಅಂಚುಗಳ ನಡುವೆ 0.05 ಮಿಲಿಮೀಟರ್ ಏರುಪೇರಾದರೆ ಕೆಲಸ ಕೆಟ್ಟಿತು ಎಂದೇ ಅರ್ಥ. ಗ್ರೈಂಡಿಂಗ್ ಚಕ್ರದ ಬಾಯನ್ನು ಡೈಮಂಡ್ ಡ್ರೆಸ್ಸರ್‌ನಿಂದ ದುಂಡಾಗಿ ತೀಡುತ್ತಾರೆ. ಆ ದುಂಡಿನ ನಡುಮಧ್ಯಕ್ಕೆ ಅಲಗಿನ ನಡುಮಧ್ಯ ಬರದೆ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದರೂ ಒಂದು ಅಂಚು ಎತ್ತರ, ಇನ್ನೊಂದು ತಗ್ಗು ಆಗುತ್ತದೆ. ಅಲಗನ್ನು ಜಿಗ್‌ನಲ್ಲಿ (ಹಿಡಿದಿಡುವ ಚೌಕಟ್ಟಿನಲ್ಲಿ) ಬಿಗಿಯುವಾಗ ಮೊದಲು ನೋಡಬೇಕಾದದ್ದು ಇದನ್ನೇ.

ಮನೆಯಲ್ಲೇ ನೋಡುವ ದಾರಿ ಇದೆ. ಸ್ಕೇಟನ್ನು ತಲೆಕೆಳಗಾಗಿ ಹಿಡಿದು, ಸಣ್ಣ ಸ್ಟೀಲ್ ಸ್ಕೇಲನ್ನು ಎರಡು ಅಂಚುಗಳ ಮೇಲೆ ಅಡ್ಡಲಾಗಿ ಇಟ್ಟು, ಅಲಗಿನ ಪಕ್ಕಕ್ಕೆ ಚಿಕ್ಕ ಟ್ರೈ-ಸ್ಕ್ವೇರ್ ಹಿಡಿದರೆ ಓರೆ ಕಣ್ಣಿಗೇ ಕಾಣುತ್ತದೆ. ರಾಕರ್ ಅಳೆಯುವುದು ಇನ್ನೂ ಸುಲಭ. ಅಲಗನ್ನು ಸರ್ಫೇಸ್ ಪ್ಲೇಟ್ (ಪೂರಾ ಸಪಾಟಾದ ಹಲಗೆ) ಮೇಲೆ ನಿಲ್ಲಿಸಿ, ತಾಗುವ ಬಿಂದುವಿನಿಂದ 100 ಮಿಲಿಮೀಟರ್ ಮುಂದೆಯೂ 100 ಮಿಲಿಮೀಟರ್ ಹಿಂದೆಯೂ ಸಂದು ಎಷ್ಟಿದೆ ಎಂದು ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಪಟ್ಟಿಗಳು) ತೂರಿಸಿ ನೋಡಬೇಕು. 10 ಅಡಿ ರಾಕರ್ ಆದರೆ ಎರಡೂ ಕಡೆ ಸುಮಾರು 1.64 ಮಿಲಿಮೀಟರ್ ಬರಬೇಕು.

ಅಮಾನಿಕೆರೆಯವರೇ, ನನ್ನ ಮನೆಯ ಶೆಡ್ಡಿನಲ್ಲಿ ಡಯಲ್ ಗೇಜ್, ಪ್ಲೇಟ್ ಎರಡೂ ಇವೆ. ಮಗುವನ್ನೂ ಕರೆದುಕೊಂಡು ಸ್ಕೇಟ್ ತನ್ನಿ, ಅವಳೂ ಕಣ್ಣಾರೆ ನೋಡಲಿ. ಖಾಸಗಿ ಸಂದೇಶದಲ್ಲಿ ವಿಳಾಸ ಕಳಿಸಿದ್ದೇನೆ.

ಅಮಾನಿಕೆರೆ ದಂಡೆ

ಹಿರಿಯರ ಮನೆಗೆ ಹೋಗಿ ಅಳತೆ ಮಾಡಿಸಿಕೊಂಡು ಬಂದೆವು. ಅವರು ಮೊದಲು ಅಲಗನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಉಗುರನ್ನು ಅಂಚಿನ ಅಡ್ಡಕ್ಕೆ ಎಳೆದು ನೋಡಿದರು. ಹೊರ ಅಂಚು ಉಗುರನ್ನು ಪುಡಿಪುಡಿಯಾಗಿ ಹೆರೆಯಿತು, ಒಳ ಅಂಚು ಸುಮ್ಮನೆ ಜಾರಿತು. ಆಮೇಲೆ ಡಯಲ್ ಗೇಜ್ ಇಟ್ಟರು. ಬಲ ಸ್ಕೇಟ್‌ನಲ್ಲಿ ಒಳ ಅಂಚು 0.06 ಮಿಲಿಮೀಟರ್ ತಗ್ಗಿದೆ. ಎಡ ಸ್ಕೇಟ್‌ನಲ್ಲಿ ವ್ಯತ್ಯಾಸ 0.01 ಮಾತ್ರ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಎಂದರು.

ರಾಕರ್‌ನ ಕಥೆ ಬೇರೆಯೇ. ಎರಡೂ ಸ್ಕೇಟ್‌ಗಳಲ್ಲಿ ಹಿಮ್ಮಡಿಯ ಕಡೆ ಸಂದು 1.7 ಮಿಲಿಮೀಟರ್, ಬೆರಳಿನ ಕಡೆ 2.3 ಮಿಲಿಮೀಟರ್. ಮೇಷ್ಟ್ರ ರೀತಿಯಲ್ಲಿ ಲೆಕ್ಕ ಮಾಡಿದರೆ ಹಿಂದೆ ಸುಮಾರು 2.9 ಮೀಟರ್, ಮುಂದೆ ಸುಮಾರು 2.2 ಮೀಟರ್, ಎಂದರೆ 7 ಅಡಿಯಷ್ಟೇ. ಹಳೆಯ ಮಾಲೀಕರ ಕಾಲದಲ್ಲಿ ಮುಂದಿನ ತುದಿಯನ್ನು ಹೆಚ್ಚು ಉಜ್ಜಿದ್ದಾರೆ ಎಂಬುದು ಹಿರಿಯರ ಅಂದಾಜು. ಈಗ ಇದೇ ಅಲಗನ್ನು ಸರಿ ಮಾಡಿಸುವುದೋ, ಹೊಸದು ಹಾಕಿಸುವುದೋ? ಹಾಲೋ 1/2 ಇಂಚೋ 5/8 ಇಂಚೋ? ಕೋಚ್ ಸಾಹೇಬರೂ ನಂದಿಯವರೂ ಒಂದು ಮಾತಿಗೆ ಬಂದರೆ ನನಗೆ ಅನುಕೂಲ.

ನಂದಿಯಿಂದ ಟೊರಾಂಟೊ

ತಾತನವರಿಗೆ ನಮಸ್ಕಾರ. ಇಲ್ಲಿಯ ಎಷ್ಟೋ ಅಂಗಡಿಗಳಲ್ಲಿ ಇಷ್ಟು ನಿಗಾ ಇಟ್ಟು ಅಳೆಯುವುದನ್ನು ನಾನು ನೋಡಿಲ್ಲ.

ಮುಂದಿನ ತುದಿ ಹೀಗೆ ತೆಳುವಾಗುವುದು ಬಹಳ ಸಾಮಾನ್ಯ. ಕೈಯಿಂದ ಎಳೆಯುವ ಯಂತ್ರದಲ್ಲಿ ಅಲಗಿನ ತುದಿಗೆ ಬಂದಾಗ ಕೈ ತಿರುಗಿಸಬೇಕು. ಅಲ್ಲಿ ಒಂದು ಗಳಿಗೆ ಹೆಚ್ಚು ನಿಂತರೆ ಹೆಚ್ಚು ಉಕ್ಕು ಹೋಗುತ್ತದೆ. ಪ್ರತಿ ಸಾರಿಯೂ ಅಷ್ಟಷ್ಟೇ ಹೋಗಿ, ಕೊನೆಗೆ ಮುಂಭಾಗದ ರಾಕರ್ ಕಿರಿದಾಗುತ್ತದೆ, ಸಮತೋಲದ ಬಿಂದು ಹಿಂದಕ್ಕೆ ಸರಿಯುತ್ತದೆ. ಮುಂದಕ್ಕೆ ಬಗ್ಗಿ ಜೋರಾಗಿ ತಳ್ಳಿದಾಗ ಊರಲು ಉಕ್ಕೇ ಸಿಗದೆ ಪಾದ ಮುಂದಕ್ಕೆ ಮಗುಚಿದಂತಾಗುತ್ತದೆ. ನಿಮ್ಮ ಮಗಳು ಹೇಳಿದ್ದು ಇದನ್ನೇ. ಇನ್‌ಲೈನ್‌ನಲ್ಲಿ ಮುಂದೆ 76, ಹಿಂದೆ 80ರ ಚಕ್ರದ ಫ್ರೇಮ್ ಬಳಸುತ್ತಿದ್ದರೆ ಅವಳಿಗೆ ಮುಂದಕ್ಕೆ ವಾಲಿ ನಿಲ್ಲುವ ಅಭ್ಯಾಸವೂ ಇರುತ್ತದೆ, ತೊಂದರೆ ಇನ್ನಷ್ಟು ಎದ್ದು ಕಾಣುತ್ತದೆ.

ಹೋದ ಉಕ್ಕನ್ನು ವಾಪಸ್ ತರಲು ಆಗುವುದಿಲ್ಲ. ಮುಂಭಾಗವನ್ನು 9 ಅಡಿಗೆ ತರಬೇಕಾದರೆ ನಡುವಿನಿಂದ ಹಿಂದಿನವರೆಗೂ ಉಕ್ಕು ತೆಗೆದು ಅಲಗನ್ನೇ ಕುಳ್ಳಗೆ ಮಾಡಬೇಕು. ಅಲಗು ಕುಳ್ಳಗಾದರೆ ತಿರುವಿನಲ್ಲಿ ಹೆಚ್ಚು ವಾಲಿದಾಗ ಅದನ್ನು ಹಿಡಿದಿರುವ ಪ್ಲಾಸ್ಟಿಕ್ ಹೋಲ್ಡರೇ ಐಸ್‌ಗೆ ತಾಗುವ ಅಪಾಯವಿದೆ. ಹೋಲ್ಡರ್‌ನಿಂದ ಬಿಚ್ಚಿ ತೆಗೆಯುವಂಥ ಅಲಗಾಗಿದ್ದರೆ ಅದೇ ಅಳತೆಯ ಹೊಸ ಜೋಡಿ ಹಾಕಿಸುವುದೇ ಸರಿ. ಅಳತೆಯನ್ನು ಹೋಲ್ಡರ್ ಮೇಲೆಯೇ ಮಿಲಿಮೀಟರ್‌ನಲ್ಲಿ ಅಚ್ಚು ಹಾಕಿರುತ್ತಾರೆ. ಹೊಸ ಅಲಗಿಗೂ ಮೊದಲ ಸಾರಿ ಸಾಣೆ ಹಿಡಿಸಲೇಬೇಕು.

ಹಾಲೋ ವಿಷಯದಲ್ಲಿ ನಾನು 1/2 ಇಂಚು ಎನ್ನುತ್ತೇನೆ. ತೂಕ ಕಡಿಮೆ ಇರುವವರು ಐಸ್ ಮೇಲೆ ಒತ್ತುವುದೂ ಕಡಿಮೆ. ತೂಕದವರು 5/8 ಇಂಚಿನಲ್ಲಿ ಪಡೆಯುವ ಹಿಡಿತ 42 ಕಿಲೋ ಹುಡುಗಿಗೆ ಸಿಗುವುದಿಲ್ಲ.

ಕೋಲಾರದ ಮೇಷ್ಟ್ರು

ಅದರ ಜೊತೆಗೆ ಲೇಹ್‌ನ ಚಳಿಯನ್ನೂ ಸೇರಿಸಿಕೊಳ್ಳಬೇಕಲ್ಲವೇ? ಒಳಾಂಗಣದ ಹಾಕಿ ರಿಂಕ್‌ನ ಐಸ್ ಸೊನ್ನೆಗಿಂತ 5 ಡಿಗ್ರಿಯಷ್ಟು ಕೆಳಗಿರುತ್ತದೆ. ಜನವರಿಯ ರಾತ್ರಿ ಲೇಹ್‌ನಲ್ಲಿ ಗಾಳಿಯೇ ಅದಕ್ಕಿಂತ ಎಷ್ಟೋ ತಣ್ಣಗಿರುವುದರಿಂದ ಬಯಲಿನ ಐಸ್ ಬೆಳಿಗ್ಗೆ ಕಲ್ಲಿನಂತೆ ಗಡಸಾಗಿರುತ್ತದೆ. ಅಲಗಿನ ಒತ್ತಡಕ್ಕೆ ಐಸ್ ಕರಗುತ್ತದೆ ಎಂಬ ಹಳೆಯ ಪಾಠವನ್ನು ನಂಬಿ ಧೈರ್ಯ ಮಾಡಬೇಡಿ; ಕರಗುವ ಬಿಂದುವನ್ನು 1 ಡಿಗ್ರಿ ಇಳಿಸಲು 130ಕ್ಕೂ ಹೆಚ್ಚು ವಾಯುಮಂಡಲದಷ್ಟು ಒತ್ತಡ ಬೇಕು, ಅಷ್ಟು ಚಳಿಯಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಗಡಸು ಐಸ್‌ಗೆ ಅಂಚು ಇಳಿಯಬೇಕಾದರೆ ಹಾಲೋ ತುಸು ಆಳವಾಗಿಯೇ ಇರಬೇಕು.

ಕ್ಯಾತ್ಸಂದ್ರ ಕೋಚ್

ತೂಕ ಮತ್ತು ಚಳಿ ಎರಡನ್ನೂ ಸೇರಿಸಿ ನೋಡಿದರೆ 1/2 ಇಂಚು ಎಂಬ ಮಾತಿಗೆ ನಾನೂ ಒಪ್ಪುತ್ತೇನೆ. ಒಳಾಂಗಣದ ಮೆದು ಐಸ್ ಆಗಿದ್ದರೆ 5/8 ಎಂದೇ ವಾದಿಸುತ್ತಿದ್ದೆ. ಒಂದು ಷರತ್ತು: ಮೊದಲ ದಿನಗಳಲ್ಲಿ ಪಂದ್ಯಕ್ಕೆ ಇಳಿಸದೆ, ನಿಧಾನ ವೇಗದಲ್ಲಿ ಎರಡೂ ಕಡೆಗೆ ಬ್ರೇಕ್ ಹಾಕುವುದನ್ನು ಮಾಡಿಸಿ.

ಟೂಲ್‌ರೂಮ್ ತಾತ

ಹೊಸ ಅಲಗು ಬಂದ ಮೇಲೆ, ಸಾಣೆಗೆ ಕೊಡುವ ಮೊದಲು ಒಮ್ಮೆ ತನ್ನಿ. ಮುಂದೆ, ಹಿಂದೆ ಎರಡೂ ಸಂದುಗಳನ್ನು ಅಳೆದು ಬರೆದಿಡೋಣ. ಸಾಣೆಯಾದ ಮೇಲೆ ಅದೇ ಅಳತೆ ಬಂದರೆ ರಾಕರ್ ಮುಟ್ಟಿಲ್ಲ ಎಂದು ತಿಳಿಯುತ್ತದೆ. ಸಾಣೆಯವರಿಗೆ ಚೀಟಿಯಲ್ಲಿ ಮೂರು ಸಂಗತಿ ಬರೆದುಕೊಡಿ: ಹಾಲೋ 1/2 ಇಂಚು, ಅಂಚು ಎರಡೂ ಸಮ, ರಾಕರ್ ಮುಟ್ಟಬಾರದು. ಅಂಚಿನಲ್ಲಿ ಉಳಿಯುವ ಬರ್ (ಉಕ್ಕಿನ ಸಣ್ಣ ಚುಂಗು) ಅನ್ನು ನುಣುಪು ಕಲ್ಲಿನಿಂದ ಪಕ್ಕಕ್ಕೆ ಎರಡು ಸಲ ಮೆಲ್ಲಗೆ ಸವರಿದರೆ ಸಾಕು, ಒತ್ತಿ ಉಜ್ಜಿದರೆ ಅಂಚೇ ಹೋಗುತ್ತದೆ.

ನಂದಿಯಿಂದ ಟೊರಾಂಟೊ

ಲೇಹ್‌ಗೆ ಹೋಗುವಾಗ ಅಲಗಿಗೆ ತೊಡಿಸುವ ಗಟ್ಟಿ ಗಾರ್ಡ್ ಮರೆಯಬೇಡಿ. ಬಯಲು ರಿಂಕ್‌ಗಳ ಸುತ್ತ ಮರಳು, ಜಲ್ಲಿ ಇರುತ್ತದೆ. ಅದರ ಮೇಲೆ ನಾಲ್ಕು ಹೆಜ್ಜೆ ಬರೀ ಅಲಗಿನಲ್ಲಿ ನಡೆದರೂ ಅಂಚು ಮೊಂಡಾಗುತ್ತದೆ. ಆಟ ಮುಗಿದ ಮೇಲೆ ಗಾರ್ಡ್ ತೆಗೆದು, ಅಲಗನ್ನು ಒಣ ಬಟ್ಟೆಯಿಂದ ಒರೆಸಿ ಬಟ್ಟೆಯ ಚೀಲದಲ್ಲಿಡಿ. ಒದ್ದೆ ಗಾರ್ಡ್‌ನೊಳಗೇ ರಾತ್ರಿಯೆಲ್ಲ ಬಿಟ್ಟರೆ ಬೆಳಿಗ್ಗೆಯ ಹೊತ್ತಿಗೆ ತುಕ್ಕಿನ ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ.